ಮೂರನೆಯ ನಾಜಲ್

ನರಗುಂದ
12-7-2003

ಮಗಳು ಜಬೀನಳಿಗೆ ಅಬ್ಬಾನ ಸಲಾಂ.

ಮನೆಯಲ್ಲಿ ನಾನು, ನಿನ್ನ ಅಮ್ಮ, ಅಣ್ಣ ಸಾಜೀದ ಮೂವರೂ ಕ್ಷೇಮ. ಕಾರು ಮಾತ್ರ ಕ್ಷೇಮವಿಲ್ಲ. ಬಾಡಿಗೆ ಕಾರು ಕ್ಷೇಮವಿಲ್ಲದ ಮನೆಯಲ್ಲಿ ಉಳಿದವರ ಕ್ಷೇಮ ಎಷ್ಟು ದಿನ ಎಂದು ನನಗೆ ಚಿಂತೆ ಹತ್ತಿದೆ.

ನಾನು ನಾಲ್ಕನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು, ನಿನಗೆ ಗೊತ್ತು. ಮನೆಯಲ್ಲಿ ಉರ್ದು ಆಡುತ್ತೇವೆ. ಆದರೆ ಹುಬ್ಬಳ್ಳಿಯ ಕಿವುಡ ಮಕ್ಕಳ ಶಾಲೆಯಲ್ಲಿ ನಿನಗೆ ಕಲಿಸಿದ್ದು ಕನ್ನಡ. ಫೋನು ಮಾಡೋಣವೆಂದರೆ ನಿನಗೆ ಕೇಳುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದಲ್ಲಿ ನಗಬೇಡ.

ಆದದ್ದು ಇಷ್ಟು. ನೀನು ಗಜೇಂದ್ರಗಡಕ್ಕೆ ಹೋದ ತಿಂಗಳಿಗೇ ಸಾಜೀದ ನಮ್ಮ ಹಳೆಯ ಡೀಸೆಲ್ ಅಂಬಾಸಿಡರಿಗೆ ಟರ್ಬೊ ಕೂಡಿಸಿದ. ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕದ್ದು. ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಒಂದು ಫಿರಕಿ ತಿರುಗುತ್ತದಂತೆ, ಅದು ಇಂಜಿನ್ನಿಗೆ ಹೆಚ್ಚು ಗಾಳಿ ಊದುತ್ತದಂತೆ. ನಾನು ಬೇಡವೆಂದೆ. "ಅಬ್ಬಾ, ರೋಣದ ಜೀಪಿನವ್ರು ನಮ್ಮನ್ನ ಎತ್ತಿನಗಾಡಿ ಅಂತಾರ. ಒಮ್ಮೆ ಓಡಿಸಿ ನೋಡ್ರಿ" ಎಂದ. ಓಡಿತು. ಖರೇ ಹೇಳುತ್ತೇನೆ, ಕುದುರೆಯ ಹಾಗೆ ಓಡಿತು. ಅದು ಅಷ್ಟು ಚಲೋ ಓಡಿದ್ದರಿಂದಲೇ ನನಗೆ ಅಂಜಿಕೆ ಸುರುವಾಯಿತು.

ಈಗ ಮುಂಜಾನೆ ಚಾಲೂ ಮಾಡಿದರೆ ಬಿಳಿ ಹೊಗೆ. ಎಳೆತಕ್ಕೆ ಬಿದ್ದರೆ ಕರಿ ಹೊಗೆ. ನಿಂತಲ್ಲಿ ಮಲೇರಿಯಾ ಬಂದವರ ಹಾಗೆ ನಡುಗುತ್ತದೆ. ಇಲ್ಲಿಯ ಮಿಸ್ತ್ರಿ ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮುವ ನಾಜಲ್ ಕೆಟ್ಟಿದೆ ಎನ್ನುತ್ತಾನೆ, ನಾಲ್ಕನ್ನೂ ಹೊಸವು ಹಾಕು ಎನ್ನುತ್ತಾನೆ. ನೀನು ಕೆಲಸ ಕಲಿಯಲು ಹೋದ ಲಾಡಸಾಬ ಮಾಮುನ ಅಂಗಡಿಯಲ್ಲಿ ಇದೇ ಕೆಲಸ ಅಲ್ಲವೇ? ಮಾಮುನನ್ನು ಕೇಳಿ ಬರೆ.

ಇನ್ನೊಂದು ಮಾತು. ನಾಜಲಿನಿಂದ ಚಿಮ್ಮುವ ಡೀಸೆಲ್ ಬೆರಳನ್ನೇ ತೂರಿಕೊಂಡು ಒಳಗೆ ಹೋಗುತ್ತದೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಅಂದರು. ಮಾಮುನ ಅಂಗಡಿಯ ಮುಂದೆ ಲಾರಿಗಳು ಹಿಂದಕ್ಕೆ ಬರುತ್ತವೆ, ಕ್ಲೀನರ್ ಕೂಗಿದರೆ ನಿನಗೆ ಹೇಗೆ ತಿಳಿಯಬೇಕು? ನಾನು ನಿನ್ನನ್ನು ಬಿಟ್ಟಿರುವುದು ಆರು ತಿಂಗಳ ಮಾತಿಗೆ. ರಂಜಾನಿನ ಚಾಂದ ಕಾಣುವುದರೊಳಗೆ ಬಂದು ಕರೆದುಕೊಂಡು ಹೋಗುತ್ತೇನೆ. ಮಾಮುನಿಗೂ ಹೇಳಿದ್ದೇನೆ, ನಿನಗೂ ನೆನಪಿರಲಿ.

ನಿನ್ನ ಅಬ್ಬಾ
ಬಾಷಾಸಾಬ


ಗಜೇಂದ್ರಗಡ
17-7-2003

ಅಬ್ಬಾ, ಅಮ್ಮಾ ಇಬ್ಬರಿಗೂ ಸಲಾಂ.

ಮಾಮುನನ್ನು ಕೇಳಿದೆ. "ನಿಮ್ಮ ಮನಿ ಕಾರು, ನೀನ ಹೇಳು" ಎಂದು ಬರೆದು ತೋರಿಸಿದರು. ಆದ್ದರಿಂದ ನಾನೇ ಹೇಳುತ್ತೇನೆ.

ನಾಲ್ಕನ್ನೂ ಬದಲಿಸಬೇಡಿರಿ. ನಾಲ್ಕೂ ಒಮ್ಮೆಗೇ ಕೆಡುವುದಿಲ್ಲ. ಕೆಟ್ಟದ್ದನ್ನು ಮೊದಲು ಹಿಡಿಯಬೇಕು. ಬೇರೆ ಮಿಸ್ತ್ರಿಗಳು ಕಿವಿಯಿಂದ ಹಿಡಿಯುತ್ತಾರೆ. ನಾನು ಹಿಡಿಯುವುದು ಹೀಗೆ:

ಇಂಜಿನ್ ಚಾಲೂ ಇಡಿರಿ. ಸ್ಟೀಲಿನ ತಾಟಿನಲ್ಲಿ ಒಂದು ಹಿಡಿ ಜೋಳ ಹಾಕಿ ಇಂಜಿನ್ನಿನ ಮೇಲೆ ಇಡಿರಿ. ಕಾಳುಗಳು ಕುಣಿಯುತ್ತವೆ. ಆಮೇಲೆ ಸಾಜೀದಭಾಯಿ ಪಾನಾ ಹಿಡಿದು ಒಂದು ನಾಜಲಿಗೆ ಬರುವ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಲಿ. ಮುಖ, ಕೈ ದೂರ. ಕಾಳಿನ ಕುಣಿತ ಬದಲಾದರೆ ಆ ನಾಜಲ್ ಅಲ್ಲಿಯವರೆಗೆ ದುಡಿಯುತ್ತಿತ್ತು ಎಂದು ತಿಳಿಯಿರಿ. ಬಿಗಿ ಮಾಡಿ ಮುಂದಿನದಕ್ಕೆ ಹೋಗಿರಿ. ಯಾವುದನ್ನು ಸಡಿಲಿಸಿದರೂ ಕುಣಿತ ಇದ್ದ ಹಾಗೇ ಇರುತ್ತದೋ ಅದು ಮೊದಲೇ ಕೈಕಟ್ಟಿ ಕುಳಿತಿದೆ. ಅದನ್ನೊಂದೇ ಬಿಚ್ಚಿ ಬಸ್ಸಿನವರ ಕೈಗೆ ಕೊಡಿರಿ.

ಬೆರಳು ತೂರುವುದು ನಿಜ. ಮಾಮುನ ಎಡಗೈಯ ಉಂಗುರ ಬೆರಳಿಗೆ ತುದಿ ಇಲ್ಲ. ನನ್ನ ಹತ್ತೂ ಇವೆ. ಬೆರಳು ಕಳೆದುಕೊಂಡ ಉಸ್ತಾದರು ಬೆರಳು ಕಾಯುವುದನ್ನೇ ಮೊದಲು ಕಲಿಸುತ್ತಾರೆ.

ಜಬೀನ


ನರಗುಂದ
28-7-2003

ಮಗಳು ಜಬೀನಳಿಗೆ ಸಲಾಂ.

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಕಾರಿಗೂ ಜೋಳಕ್ಕೂ ಏನು ಸಂಬಂಧ? ಆದರೂ ರವಿವಾರ ಮನೆಯ ಮುಂದೆ ಬಾನೆಟ್ ತೆಗೆದು ತಾಟು ಇಟ್ಟೆವು. ನಿನ್ನ ಅಮ್ಮ ಬಾಗಿಲಲ್ಲೇ ನಿಂತು, "ಒಂದ ಕಾಳು ಚೆಲ್ಲಬ್ಯಾಡ್ರಿ, ಸಂಜಿಕ ರೊಟ್ಟಿ ಆಗ್ಬೇಕು" ಎಂದಳು. ಎದುರು ಮನೆಯ ದ್ಯಾವಪ್ಪ ಸುಮ್ಮನಿರುವವನೇ?

"ಏನ್ರಿ ಬಾಷಾಸಾಬ, ಕಾರಿಗೆ ಜ್ವಾಳಾ ತಿನಸಾಕತ್ತೀರೇನು?"

"ಮಗಳು ಬರದಾಳೋ ಮಾರಾಯ."

"ಹಂಗಾರ ನಮ್ಮ ಎತ್ತಿಗೆ ಡೀಸೆಲ್ ಎಷ್ಟು ಕುಡಸಬೇಕಂತ ಅಕೀನ್ನ ಕೇಳ್ರಿ."

ಓಣಿಯೆಲ್ಲ ನಕ್ಕಿತು. ಸಾಜೀದ ಮೊದಲನೆಯದನ್ನು ಸಡಿಲಿಸಿದ. ಕಾಳು ಒಮ್ಮೆಗೇ ತಾಟಿನ ಒಂದು ಅಂಚಿಗೆ ಸರಿದವು. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಸಡಿಲಿಸಿದ. ಏನೂ ಇಲ್ಲ! ಕಾಳು ತಮ್ಮ ಪಾಡಿಗೆ ತಾವು ಮೊದಲಿನಂತೆಯೇ ಕುಣಿಯುತ್ತಿದ್ದವು. ನನಗೆ ನಂಬಿಕೆ ಬರಲಿಲ್ಲ, ನಾಲ್ಕನ್ನೂ ಮತ್ತೆ ಮೂರು ಸಲ ಮಾಡಿಸಿದೆ. ಮೂರೂ ಸಲ ಮೂರನೆಯದೇ.

ದ್ಯಾವಪ್ಪ ಹತ್ತಿರ ಬಂದು ತಾಟಿನೊಳಗೆ ಬಾಗಿ ನೋಡಿದ. "ಹೌದಲೇ! ನಿಮ್ಮ ಮಗಳು ಅರವತ್ತು ಕಿಲೋಮೀಟರ್ ದೂರ ಕುಂತ ಹಿಡದಾಳಲ್ಲೋ" ಎಂದ. ಮಗಳೇ, ಆ ಮಾತು ಕೇಳಿ ನನ್ನ ಎದೆ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ನಾಲ್ಕನೆಯ ಇಯತ್ತೆಯಲ್ಲಿ ಅಷ್ಟು ಕಲಿಸಿರಲಿಲ್ಲ.

ನಾಜಲನ್ನು ನಾನೇ ಕೈಯಾರೆ ಒರೆಸಿ, ಹೊಸ ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿ ಇಟ್ಟು ಕಳಿಸಿದ್ದೇನೆ. ಗಜೇಂದ್ರಗಡದ ಬಸ್ಸಿನ ಕಂಡಕ್ಟರ್ ಒಳ್ಳೆಯವನು. ಆದರೂ ಅವನು ಮರೆತು ಡಬ್ಬಿಯನ್ನು ಮುಂದೆ ಒಯ್ದುಬಿಟ್ಟರೆ ಏನು ಗತಿ ಎಂದು ಯೋಚನೆ. ಮುಟ್ಟಿದ ಕೂಡಲೇ ಬರೆ.

ನಿನ್ನ ಅಬ್ಬಾ
ಬಾಷಾಸಾಬ


ಗಜೇಂದ್ರಗಡ
3-8-2003

ಅಬ್ಬಾನವರಿಗೆ ಸಲಾಂ.

ಡಬ್ಬಿ ಮುಟ್ಟಿತು. ನಾಜಲಿನ ಒಳಗಿನ ಸೂಜಿ ಅಂಟಿಕೊಂಡು ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಡೀಸೆಲ್ ಮಂಜಿನ ಹಾಗೆ ಚಿಮುಕಬೇಕು, ಇದು ಕೆಟ್ಟ ನಲ್ಲಿಯ ಹಾಗೆ ತೊಟ್ಟಿಕ್ಕುತ್ತಿತ್ತು. ಬಿಳಿ ಹೊಗೆಗೂ ನಡುಕಕ್ಕೂ ಅದೇ ಕಾರಣ. ಸುತ್ತಿದ್ದ ಹತ್ತಿಯ ಎಳೆಗಳೂ ಅಂಟಿದ್ದವು. ಎಲ್ಲ ತೊಳೆದು, ಸೂಜಿ ಉಜ್ಜಿ ಕೂಡಿಸಿದ್ದೇನೆ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಎಣ್ಣೆಯ ಕಲೆ ಎಂದು ಎಸೆಯಬೇಡಿರಿ. ನಾಜಲನ್ನು ಕೈಪಂಪಿಗೆ ಹಚ್ಚಿ ಹಾಳೆಯ ಮೇಲೆ ಚಿಮುಕಿಸಿದ್ದು. ಎಡಗಡೆಯದು ಬಂದಾಗಿನದು, ಬಾಲವಿದ್ದ ಗಾಳಿಪಟದ ಹಾಗಿದೆ. ಬಲಗಡೆಯದು ಈಗಿನದು. ನಾಜಲ್ ಸರಿಯಾದಾಗ ಕೈಪಂಪು ಒತ್ತಿದರೆ ಕರಕರ ಎನ್ನುತ್ತದಂತೆ. ಎಲ್ಲರೂ ಅದನ್ನು ಕೇಳುತ್ತಾರೆ. ನನಗೆ ಅದು ಹಿಡಿಕೆಯಿಂದ ಅಂಗೈಗೆ ಬರುತ್ತದೆ. ಬೆಕ್ಕಿನ ಹೊಟ್ಟೆಯ ಮೇಲೆ ಕೈ ಇಟ್ಟ ಹಾಗೆ.

ಟರ್ಬೊನ ತಪ್ಪೇನೂ ಇಲ್ಲ. ಗಾಳಿ ಹೆಚ್ಚಾಗಿದೆ ಎಂದು ಸಾಜೀದಭಾಯಿ ಪಂಪಿನ ಸ್ಕ್ರೂ ತಿರುವಿ ಡೀಸೆಲನ್ನೂ ಅತಿ ಮಾಡಿದ್ದಾನೆ. ಕಾಲು ಸುತ್ತು ಹಿಂದಕ್ಕೆ ತಿರುವಲಿ, ಕರಿ ಹೊಗೆ ಇಳಿಯುತ್ತದೆ.

ಜಬೀನ


ನರಗುಂದ
9-9-2003

ಜಬೀನಳಿಗೆ ಸಲಾಂ.

ತಿಂಗಳ ಮೇಲೆ ಬರೆಯುತ್ತಿದ್ದೇನೆ. ಮೊದಲ ಹದಿನೈದು ದಿನ ಕಾರು ಎಷ್ಟು ಚಲೋ ಓಡಿತೆಂದರೆ ಬರೆದರೆ ದೃಷ್ಟಿಯಾದೀತೆಂದು ಬರೆಯಲಿಲ್ಲ. ಸವಡಿಯ ನಿಶ್ಚಿತಾರ್ಥದ ಬೀಗರನ್ನು ತುಂಬಿಕೊಂಡು ಹೋದಾಗ ಎರಡು ಜೀಪು ಹಿಂದೆ ಹಾಕಿದೆ. ನಿನ್ನ ಹಾಳೆಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಕೇಳಿದವರಿಗೂ ಕೇಳದವರಿಗೂ ತೋರಿಸಿದೆ.

ಆಮೇಲೆ ಮತ್ತೆ ನಡುಕ ಸುರುವಾಯಿತು. ಮೊನ್ನೆ ಚಿಕ್ಕನರಗುಂದದ ಹತ್ತಿರ ಪೂರ್ತಿ ನಿಂತುಬಿಟ್ಟಿತು. ದವಾಖಾನೆಗೆ ಹೊರಟ ಮುದುಕಿಯೊಬ್ಬಳು ಹಿಂದೆ ಕುಳಿತಿದ್ದಳು. ಅವಳ ಮಗ, "ಫಿರಕಿ ಹಚ್ಚಿದ್ರ ವಿಮಾನ ಆಗತೈತೇನ್ರಿ? ಮೊದಲ ಕಾರ್ ಆಗ್ಲಿ" ಎಂದ. ಬೇರೆ ಗಾಡಿಗೆ ಕೈ ಮಾಡಿ ಅವರನ್ನು ಹತ್ತಿಸಿದೆ. ಮುದುಕಿ ಕ್ಷೇಮ. ನಾನು ಆ ದಿನ ಊಟ ಮಾಡಲಿಲ್ಲ.

ತಾಟು ಇಟ್ಟು ನೋಡಿದೆವು. ಈ ಸಲ ಮೂರನೆಯದೂ ಹೋಗಿದೆ, ಮೊದಲನೆಯದೂ ಹೋಗಿದೆ. ಎರಡನ್ನೂ ಕಳಿಸಿದ್ದೇನೆ. ಕೆಲಸ ಪಕ್ಕಾ ಆಗಿರಲಿಲ್ಲ ಎಂದು ಜನ ಅನ್ನುತ್ತಾರೆ. ನಾನು ಅನ್ನುವುದಿಲ್ಲ.

ಆದರೆ ಒಂದು ಯೋಚಿಸು. ನಮ್ಮ ಕಾರಾದರೆ ನಿಂತಿತು, ಹೋಯಿತು. ನಾಳೆ ನೀನು ಮುಟ್ಟಿದ ಯಾರದೋ ಲಾರಿ ಘಟ್ಟದಲ್ಲಿ ನಿಂತರೆ? ಅವರು ಬಂದು ಬೈದರೆ ಬೈಗುಳ ಕೇಳುವುದಿಲ್ಲ ಎಂಬುದೊಂದೇ ಸಮಾಧಾನವೇ? ಮನೆಗೆ ಬಾ. ಅಮ್ಮನ ಜೊತೆ ಹೊಲಿಗೆ ಯಂತ್ರದಲ್ಲಿ ಕೂತರೆ ಯಾರ ಮಾತೂ ಇಲ್ಲ. ಅಕ್ಟೋಬರಿನಲ್ಲಿ ಬರುತ್ತೇನೆ. ಬಟ್ಟೆ ಕಟ್ಟಿಟ್ಟುಕೊ.

ಬಾಷಾಸಾಬ


ಗಜೇಂದ್ರಗಡ
15-9-2003

ಅಬ್ಬಾ,

ಎರಡೂ ನಾಜಲ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಎರಡರಲ್ಲೂ ಸೂಜಿಯ ಬುಡದಲ್ಲಿ ಹತ್ತಿಯ ಎಳೆ ಸಿಕ್ಕಿತು. ಕೂದಲಿಗಿಂತ ಸಣ್ಣದು. ಹೋದ ಸಲವೂ ಎಳೆ ಇತ್ತು. ಡಬ್ಬಿಯಲ್ಲಿ ಸುತ್ತಿದ ಹತ್ತಿ ಎಂದುಕೊಂಡು ತೊಳೆದುಬಿಟ್ಟೆ. ಅದು ನನ್ನ ತಪ್ಪು, ಮಾಮುನಿಂದ ಬೈಸಿಕೊಂಡಿದ್ದೇನೆ.

ಸುತ್ತಿದ ಹತ್ತಿ ಅಷ್ಟು ಒಳಗೆ ಹೋಗುವುದಿಲ್ಲ. ಡೀಸೆಲ್ ಜೊತೆ ಬಂದಿದ್ದರೆ ಫಿಲ್ಟರ್ ಹಿಡಿಯುತ್ತಿತ್ತು. ಫಿಲ್ಟರಿನ ಆಚೆಗಿರುವ ಪೈಪನ್ನು ಯಾರೋ ಬಿಚ್ಚಿ, ಪೈಪಿನ ಬಾಯಿಯನ್ನೂ ನಾಜಲಿನ ಬಾಯಿಯನ್ನೂ ಹತ್ತಿಯಿಂದ ಒರೆಸಿ, ಮತ್ತೆ ಜೋಡಿಸಿದ್ದಾರೆ. ಒಂದು ಸಲವಲ್ಲ. ನಾಜಲಿನ ಮೇಲಿನ ನಟ್ಟಿನ ಮೂಲೆಗಳು ಸವೆದು ದುಂಡಗಾಗಿವೆ. ಸಾಜೀದಭಾಯಿ ಅಲ್ಲ, ಒಮ್ಮೆ ಬಿಗಿದದ್ದನ್ನು ಮತ್ತೆ ಬಿಚ್ಚುವಷ್ಟು ಹುರುಪು ಅವನಿಗಿಲ್ಲ.

ಯಾರು, ಅಬ್ಬಾ?

ಜಬೀನ


ನರಗುಂದ
24-9-2003

ಮಗಳು ಜಬೀನಳಿಗೆ ಸಲಾಂ.

ನಿನ್ನ ಕಾಗದವನ್ನು ಮನೆಯಲ್ಲಿ ಯಾರಿಗೂ ಓದಿ ಹೇಳಲಿಲ್ಲ. ನಾಲ್ಕು ದಿನ ಜೇಬಿನಲ್ಲೇ ಇತ್ತು. ಐದನೆಯ ದಿನ ನಿನ್ನ ಅಮ್ಮ ಅಂಗಿ ಒಗೆಯಲು ತೆಗೆದುಕೊಂಡಾಗ ಸಿಕ್ಕಿತು. ಸಾಜೀದನಿಂದ ಓದಿಸಿದಳು. ಇಬ್ಬರೂ ನನ್ನ ಮುಖ ನೋಡಿದರು.

ನಾನೇ.

ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ನಾಲ್ಕೂ ಪೈಪು ಬಿಚ್ಚಿ ನೋಡುತ್ತಿದ್ದೆ. ಕೆಟ್ಟಿದೆ ಎಂದಲ್ಲ. ಕೆಟ್ಟಿಲ್ಲವಲ್ಲ ಎಂದು ನೋಡಲು. ಟರ್ಬೊ ಕೂಡಿಸಿದ ದಿನದಿಂದ ನನಗೆ ಒಂದೇ ಧಾಸ್ತಿ, ಒಳಗೆ ಏನಾಗಿದೆಯೋ ಏನೋ. ಬಿಚ್ಚಿ, ಒರೆಸಿ, ಕಣ್ಣಿಂದ ಕಂಡ ಮೇಲೆಯೇ ಆ ವಾರ ನಿದ್ದೆ. ಹಳೆಯ ಅರಿವೆಯಿಂದ ಒರೆಸಿದರೆ ಹೊಲಸು ಒಳಗೆ ಹೋದೀತೆಂದು ರೋಣದ ಹತ್ತಿ ಮಾರುಕಟ್ಟೆಯಲ್ಲಿ ಪರಿಚಯದ ವ್ಯಾಪಾರಿಯಿಂದ ಅತ್ಯಂತ ಬಿಳಿಯ ಹತ್ತಿ ಇಸಿದುಕೊಂಡು ಬಂದಿದ್ದೆ. ಅಷ್ಟು ಕಾಳಜಿ ಮಾಡಿದ್ದೆ, ಮಗಳೇ. ನೀನು ಸರಿಮಾಡಿ ಕಳಿಸಿದ ಮೇಲೆ ಇನ್ನೂ ಹೆಚ್ಚು ಮಾಡಿದೆ. ವಾರಕ್ಕೆ ಎರಡು ಸಲ. ನಿನ್ನ ಕೈಯ ಕೆಲಸ, ಕೆಡಬಾರದು ಎಂದು.

ನಿನ್ನ ಅಮ್ಮ ಬೈಯುತ್ತಾಳೆಂದು ಕಾಯುತ್ತಿದ್ದೆ. ಅವಳು ಬೈಯಲಿಲ್ಲ. "ಕೂಸು ನಿದ್ದಿ ಮಾಡತೈತೋ ಇಲ್ಲೋ ಅಂತ ಎಬ್ಬಿಸಿ ನೋಡವ್ರು ನೀವು" ಎಂದಳು. ನೀನು ಸಣ್ಣವಳಿದ್ದಾಗ ಜ್ವರದಲ್ಲಿ ಕಿವಿ ಹೋಯಿತಲ್ಲ, ಆ ವರ್ಷ ನಾನು ಹಾಗೆಯೇ ಮಾಡುತ್ತಿದ್ದೆನಂತೆ. ತಾಸಿಗೊಮ್ಮೆ ನಿನ್ನ ತಲೆಯ ಹಿಂದೆ ಚಪ್ಪಾಳೆ ತಟ್ಟಿ ನೋಡುತ್ತಿದ್ದೆನಂತೆ. ನನಗೆ ನೆನಪಿಲ್ಲ ಎಂದೆ. ನೆನಪಿದೆ.

ಎರಡೂ ನಾಜಲ್ ಮುಟ್ಟಿದವು. ಜೊತೆಗೆ ನೀನು ಚೀಟಿಯಲ್ಲಿ ಬರೆದದ್ದನ್ನೂ ಓದಿದೆ: ಒರೆಸಬಾರದು, ಸ್ವಚ್ಛ ಮಾಡಲೇಬೇಕಾದರೆ ಶುದ್ಧ ಡೀಸೆಲಿನಲ್ಲಿ ತೊಳೆದು ಹಾಗೇ ಬಿಡಬೇಕು, ಮತ್ತು ಮೂರು ತಿಂಗಳು ಯಾರೂ ಬಿಚ್ಚಬಾರದು. ಪಾನಾಗಳನ್ನೆಲ್ಲ ಅಮ್ಮನ ಕೈಗೆ ಕೊಟ್ಟಿದ್ದೇನೆ. ಎಲ್ಲಿಟ್ಟಿದ್ದಾಳೋ ಹೇಳುವುದಿಲ್ಲ.

ಬಿಚ್ಚದೆ ಒಳಗೆ ಚಲೋ ಇದೆ ಎಂದು ತಿಳಿದುಕೊಳ್ಳುವುದು ಹೇಗೆ? ಅದನ್ನಾದರೂ ಬರೆ.

ನಿನ್ನ ಅಬ್ಬಾ
ಬಾಷಾಸಾಬ


ನರಗುಂದ
22-10-2003

ಮಗಳು ಜಬೀನಳಿಗೆ ಸಲಾಂ.

ನೀನು ಉತ್ತರ ಬರೆಯಲಿಲ್ಲ. ನಾಲ್ಕು ಶುಕ್ರವಾರ ಕಳೆದವು. ಮೊದಲ ಶುಕ್ರವಾರ ನಮಾಜಿನಿಂದ ಬಂದು ಕಾರಿನ ಸುತ್ತ ಹನ್ನೆರಡು ಸುತ್ತು ಹಾಕಿದೆ. ದ್ಯಾವಪ್ಪ, "ಪ್ರದಕ್ಷಿಣಿ ನಮ್ಮ ಕಡೆ ಪದ್ಧತಿರಿ, ನೀವು ಯಾವಾಗ ಸುರು ಮಾಡಿದ್ರಿ?" ಎಂದ. ನಾಲ್ಕನೆಯ ಶುಕ್ರವಾರ ಊಟ ಮಾಡಿ ಮಲಗಿಬಿಟ್ಟೆ. ಕಾರು ಓಡುತ್ತಲೇ ಇದೆ.

ಈಗ ನಿನಗೆ ಗೊತ್ತಿಲ್ಲದ ಮಾತು ಬರೆಯುತ್ತೇನೆ. ನಿನ್ನೆ ಮಂಗಳವಾರ ನಾನು ಗಜೇಂದ್ರಗಡಕ್ಕೆ ಬಂದಿದ್ದೆ. ನಿನ್ನನ್ನು ಕರೆದುಕೊಂಡು ಬರಲೆಂದೇ ಬಂದಿದ್ದೆ. ರೋಣ ದಾಟಿ ಬಂದು, ಊರ ಹತ್ತಿರದ ಏರನ್ನು ಮೂರನೆಯ ಗೇರಿನಲ್ಲೇ ಏರಿತು. ಅಂಗಡಿಯ ಎದುರು ಚಹಾದಂಗಡಿಯ ಬಾಜೂ ಕಾರು ನಿಲ್ಲಿಸಿ, ಒಂದು ಚಹಾ ಕುಡಿದು ಬರೋಣ ಎಂದು ಕುಳಿತೆ. ನೀನು ರಸ್ತೆಗೆ ಬೆನ್ನು ಮಾಡಿ ಕುಳಿತಿದ್ದೆ, ಮುಖದ ಒಂದು ಮಗ್ಗುಲು ಮಾತ್ರ ನನಗೆ ಕಾಣುತ್ತಿತ್ತು.

ಹೊರಗೆ ಮೂವರು ಲಾರಿಯವರು ನಿಂತಿದ್ದರು. ಒಬ್ಬ ಗದ್ದಲ ಮಾಡುತ್ತಿದ್ದ, "ನಾಕ್ ಕಡೆ ತೋರಿಸೀನಿ, ಪಂಪ್ ಹೋಗೇತಿ ಅಂದಾರ." ನೀನು ತಲೆ ಎತ್ತಲಿಲ್ಲ. ಕೈಪಂಪಿನ ಹಿಡಿಕೆ ಒತ್ತಿದೆ. ಕಣ್ಣು ಮುಚ್ಚಿದೆ. ಇನ್ನೊಮ್ಮೆ ಒತ್ತಿದೆ. ನಿನ್ನ ಅಮ್ಮ ರೊಟ್ಟಿ ಹಿಟ್ಟಿನ ಹದ ನೋಡುವಾಗ ಮುಖ ಹೇಗಿರುತ್ತದೋ ಹಾಗಿತ್ತು ನಿನ್ನ ಮುಖ. ಆಮೇಲೆ ಹಲಗೆಯ ಮೇಲೆ ಏನೋ ಬರೆದು ಅವನ ಕಡೆ ತಿರುಗಿಸಿದೆ. ಅವನು ಓದಿದ. ಅಷ್ಟು ದೊಡ್ಡ ಮೀಸೆಯವನು, ಶಾಲೆಯ ಹುಡುಗನ ಹಾಗೆ ಬೆಂಚಿನ ಮೇಲೆ ಕುಳಿತ!

ಚಹಾದವನನ್ನು ಕೇಳಿದೆ, "ಆ ಹುಡುಗಿಗೆ ಕಿವಿ ಕೇಳಂಗಿಲ್ಲಂತಲ್ಲ?"

"ಕೇಳವ್ರು ಏನ್ ಕಡದ್ ಕಟ್ಟಿ ಹಾಕ್ಯಾರ್ರಿ?" ಎಂದ. "ಅಕಿ ಕೈಯಾಗ ಬಂದ್ ನಾಜಲ್ ತಿರುಗಿ ಬರಂಗಿಲ್ಲ. ಒಮ್ಮೆ ಅಷ್ಟ ಬಂದಿತ್ತಂತ, ಅಕಿ ಅಪ್ಪನ್ನ ಕಾರಿಂದು. ಅವ ಯಾವನೋ ಶಾಣ್ಯಾ ದಿನಾ ಬಿಚ್ಚಿ ನೋಡ್ತಿದ್ನಂತ್ರಿ."

ಎರಡನೆಯ ಚಹಾ ಹೇಳಿದೆ.

ಆಗ ಒಂದು ಲಾರಿ ಹಿಂದಕ್ಕೆ ಬಂತು. ನೇರ ನೀನು ಹೊರಗೆ ನಿಂತು ಪೈಪು ತೊಳೆಯುತ್ತಿದ್ದ ಕಡೆಗೆ. ಕ್ಲೀನರ್ ಕೂಗಿದ. ನಾನೂ ಕೂಗಿದೆ. ಕೂಗಿ ಏನು ಉಪಯೋಗ ಎಂಬುದು ಇಪ್ಪತ್ತು ವರ್ಷಗಳಿಂದ ಗೊತ್ತಿದ್ದರೂ ಕೂಗಿದೆ. ಅಷ್ಟರಲ್ಲಿ ನೀನು, ಏನೂ ಆಗಿಲ್ಲವೆಂಬಂತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಪೈಪು ತೊಳೆಯುತ್ತಲೇ ಇದ್ದೆ. ನಿನ್ನ ಅಂಗಾಲಿಗೆ ನೆಲದ ನಡುಕ ತಿಳಿಯಿತು ಎಂದು ನನಗೆ ಅರ್ಥವಾಯಿತು. ಅಲ್ಲಾಹ್ ಒಂದು ಬಾಗಿಲು ಮುಚ್ಚಿ ನಿನ್ನ ಮೈಯೆಲ್ಲ ಕಿವಿ ಮಾಡಿದ್ದಾನೆ.

ಒಂದೂವರೆ ತಾಸು ಕುಳಿತಿದ್ದೆ. ಆಮೇಲೆ ತಿರುಗಿ ಬಂದೆ. ಅಮ್ಮ, "ಮಗಳೆಲ್ಲಿ?" ಎಂದಳು. "ಕೆಲಸದಾಗ ಇದ್ಳು" ಎಂದೆ. ಆ ರಾತ್ರಿ ಅವಳ ಹೊಲಿಗೆ ಯಂತ್ರ ಬಹಳ ಹೊತ್ತು ನಡೆದಿತ್ತು. ನಿನಗೆ ಈದಿಗೆ ಹೊಸ ಉಡುಪು.

ಬಟ್ಟೆ ಕಟ್ಟಿಟ್ಟಿದ್ದರೆ ಬಿಚ್ಚಿಡು. ಈದಿಗೆ ಎರಡು ದಿನ ಮಾತ್ರ ಬಾ. ಲಾರಿಯವರು ಕಾಯುತ್ತಾರೆ.

ನಿನ್ನ ಅಬ್ಬಾ
ಬಾಷಾಸಾಬ


ಗಜೇಂದ್ರಗಡ
26-10-2003

ಅಬ್ಬಾನವರಿಗೆ ಸಲಾಂ.

ಅಂಗಾಲಿಗೆ ಏನೂ ತಿಳಿಯಲಿಲ್ಲ, ಅಬ್ಬಾ. ಊರಲ್ಲಿ ಹಾಗೆಂದು ಹೇಳಿಕೊಂಡು ತಿರುಗಬೇಡಿರಿ, ನಾಳೆ ತಾಯಿತ ಕಟ್ಟಿಸಲು ಜನ ಬಂದಾರು. ನಾನು ಬಂದ ವಾರವೇ ಮಾಮು ಹಳೆಯ ಲಾರಿಯ ಪಕ್ಕದ ಕನ್ನಡಿ ಎರಡು ತಂದು, ಒಂದನ್ನು ನನ್ನ ಬೆಂಚಿನ ಮೇಲೆ, ಇನ್ನೊಂದನ್ನು ಹೊರಗೆ ತೊಳೆಯುವ ಕಟ್ಟೆಯ ಮೇಲೆ ಕಟ್ಟಿದ್ದಾರೆ. ಬೆನ್ನ ಹಿಂದಿನದೆಲ್ಲ ನನಗೆ ಕಾಣುತ್ತದೆ. ಲಾರಿಯೂ ಕಂಡಿತ್ತು.

ನೀವೂ ಕಂಡಿದ್ದಿರಿ.

ಕಾರು ಬಂದು ನಿಂತಾಗಲೇ ಕಂಡಿರಿ. ಎರಡಲ್ಲ, ನಾಲ್ಕು ಚಹಾ ಕುಡಿದಿರಿ. ಮೂರು ಸಲ ಎದ್ದು ರಸ್ತೆಯ ಅಂಚಿಗೆ ಬಂದು ಹಿಂದಕ್ಕೆ ಹೋದಿರಿ. ನಾನು ತಿರುಗಲಿಲ್ಲ. ತಿರುಗಿದರೆ ನೀವು ಕೈ ಮಾಡಿ ಕರೆಯುತ್ತಿದ್ದಿರಿ, ಕರೆದರೆ ಬರುವುದೆಂದು ನಾನು ಸೆಪ್ಟೆಂಬರಿನಲ್ಲೇ ತೀರ್ಮಾನಿಸಿದ್ದೆ. ಆದ್ದರಿಂದಲೇ ನಿಮ್ಮ ಹಿಂದಿನ ಕಾಗದಕ್ಕೆ ಉತ್ತರ ಬರೆಯಲು ಆಗಲಿಲ್ಲ. ಮಾಮುನಿಗೂ ಹೇಳಿದ್ದೆ. ಅವರು ಆಗಲಿ ಎಂದು ತಲೆ ಆಡಿಸಿದರು.

ಮೂರನೆಯ ಸಲ ನೀವು ರಸ್ತೆಗೆ ಕಾಲು ಇಟ್ಟಿರಿ. ನಾನು ಕೈ ತೊಳೆದುಕೊಂಡು, ಏಪ್ರನ್ನಿನ ದಾರ ಬಿಚ್ಚಿ, ಕನ್ನಡಿ ನೋಡುತ್ತ ನಿಂತೆ. ಒಂದು ಬಸ್ಸು ಅಡ್ಡ ಬಂತು. ಬಸ್ಸು ಹೋದ ಮೇಲೆ ನೋಡಿದರೆ ನೀವು ಕಾರಿನ ಬಾಗಿಲು ತೆಗೆಯುತ್ತಿದ್ದಿರಿ.

ನಾನು ದಾರ ಕಟ್ಟಿಕೊಂಡೆ. ಮೀಸೆಯವನು ಇನ್ನೂ ಬೆಂಚಿನ ಮೇಲೆ ಕಾಯುತ್ತಿದ್ದ.

ನಿಮ್ಮ ಮಗಳು
ಜಬೀನ